ಬಾವಿಯಣ್ಣನ ಕೊನೆಯ ಪೆಟ್ಟಿಗೆ

ಬಾವಿಯಣ್ಣ ಯಾರ ಮುಖವನ್ನೂ ನೋಡಿ ಮಾತನಾಡಿದವರಲ್ಲ. ಅವರ ದೃಷ್ಟಿ ಎದುರಿಗಿದ್ದವರ ಅಂಗಿಯ ಎರಡನೆಯ ಗುಂಡಿಯ ಮೇಲೆ ಬಂದು ಕೂರುತ್ತಿತ್ತು. ಅಲ್ಲಿಂದ ಮೇಲಕ್ಕೆ ಹತ್ತುತ್ತಿರಲಿಲ್ಲ, ಕೆಳಕ್ಕೆ ಇಳಿಯುತ್ತಲೂ ಇರಲಿಲ್ಲ. ಹದಿನೆಂಟು ವರ್ಷ ಅವರ ಪಕ್ಕದ ಕೋಣೆಯಲ್ಲಿ ಕೆಲಸ ಮಾಡಿದ ನನ್ನನ್ನು ಅವರು ಗುರುತಿಸುತ್ತಿದ್ದದ್ದು ಗುಂಡಿಗಳಿಂದಲೇ ಇರಬೇಕೆಂದು ನನಗೆ ಬಲವಾದ ಗುಮಾನಿ. ಒಮ್ಮೆ ಕುತ್ತಿಗೆಯವರೆಗೂ ಮುಚ್ಚುವ ಸ್ವೆಟರ್ ತೊಟ್ಟು ಹೋದ ದಿನ, ಎದುರಿಗೇ ನಿಂತಿದ್ದರೂ, “ಯಾರು?” ಎಂದು ಕೇಳಿಬಿಟ್ಟರು.

“ನಾನಣ್ಣ, ಕಡತದ ಕೋಣೆಯವನು” ಎಂದೆ.

“ಓ, ನೀವಾ? ಇವತ್ತು ಬಾಗಿಲು ಹಾಕ್ಕೊಂಡು ಬಂದಿದ್ದೀರಲ್ಲ, ಹೇಗೆ ಗೊತ್ತಾಗ್ಬೇಕು!”

ನಮ್ಮದು ಮುಖಗಳ ಆಸ್ಪತ್ರೆ. ಬೆಂಕಿ ನೆಕ್ಕಿದ, ಯಂತ್ರ ಹರಿದ, ಗಾಜು ಸೀಳಿದ, ಹುಟ್ಟುವಾಗಲೇ ಅರ್ಧ ಹೆಣೆದು ಬಿಟ್ಟಂತಿದ್ದ ಮುಖಗಳಿಗೆ ತೊಡೆಯ ಚರ್ಮ ತಂದು ಹೊಂದಿಸಿ, ಎಲುಬಿಗೆ ಎಲುಬು ಕೂಡಿಸಿ, ವರ್ಷಾನುಗಟ್ಟಲೆ ತಾಳ್ಮೆಯಿಂದ ಮತ್ತೆ ಮುಖವೆನ್ನಿಸುವ ಜಾಗ. ಒಂದೇ ಸಲಕ್ಕೆ ಆಗುವ ಕೆಲಸವಲ್ಲ ಅದು. ಒಬ್ಬೊಬ್ಬರಿಗೆ ಐದು ಶಸ್ತ್ರಚಿಕಿತ್ಸೆ, ಏಳು ಶಸ್ತ್ರಚಿಕಿತ್ಸೆ. ಪ್ರತಿಯೊಂದಕ್ಕೂ ಮೊದಲೊಂದು ಚಿತ್ರ, ಗಾಯ ಮಾಗಿದ ಮೇಲೊಂದು ಚಿತ್ರ. ಆ ಚಿತ್ರ ತೆಗೆಯುವವರು ಬಾವಿಯಣ್ಣ. ತೆಗೆದದ್ದನ್ನು ಲಕೋಟೆಯಲ್ಲಿಟ್ಟು, ಸಂಖ್ಯೆ ಬರೆದು, ಕಬ್ಬಿಣದ ಕಪಾಟಿನಲ್ಲಿ ಕಾಯುವವನು ನಾನು. ನಮ್ಮಿಬ್ಬರ ನಡುವೆ ಒಂದು ತೆಳ್ಳನೆಯ ಹಲಗೆಯ ಗೋಡೆ. ಅವರ ಕೋಣೆಯ ಕೆಮ್ಮು ನನ್ನ ಕೋಣೆಯಲ್ಲಿ ಕೇಳುತ್ತಿತ್ತು, ನನ್ನ ಸೀನಿಗೆ ಅವರ ಕೋಣೆಯಿಂದ ಉತ್ತರ ಬರುತ್ತಿತ್ತು.

ಬಾವಿಯಣ್ಣ ಎಂಬ ಹೆಸರು ಅವರಿಗೆ ಬಂದದ್ದು ಅವರ ಕ್ಯಾಮೆರಾದಿಂದ. ಕಣ್ಣಿಗೆ ಒತ್ತಿಕೊಂಡು ನೋಡುವ ಕ್ಯಾಮೆರಾ ಅಲ್ಲ ಅದು. ಹೊಟ್ಟೆಯ ಮಟ್ಟದಲ್ಲಿ ಹಿಡಿಯಬೇಕು. ನೆತ್ತಿಯ ಮುಚ್ಚಳ ತೆರೆದರೆ ನಾಲ್ಕು ಪುಟ್ಟ ತಗಡುಗಳು ನಾಲ್ಕು ಕಡೆ ಎದ್ದು ನಿಂತು ಕಟ್ಟೆಯಾಗುತ್ತವೆ. ಆ ಕಟ್ಟೆಯೊಳಗೆ ಅಂಗೈಗಿಂತ ಚಿಕ್ಕದೊಂದು ಮಸಕು ಗಾಜು. ಎದುರಿಗೆ ಕುಳಿತವರು ಆ ಗಾಜಿನಲ್ಲಿ, ನೀರಿನ ತಳದಿಂದ ಮೆಲ್ಲನೆ ಮೇಲೇಳುವವರಂತೆ, ಮೊದಲು ಬೆಳಕಿನ ಒಂದು ಕಲೆಯಾಗಿ, ಆಮೇಲೆ ಅಂಚಾಗಿ, ಆಮೇಲೆ ಕಣ್ಣು ಮೂಗು ಬಾಯಿಗಳಾಗಿ ಮೂಡುತ್ತಾರೆ. ನೋಡುವವರು ತಲೆ ಬಗ್ಗಿಸಿ, ಬಾವಿಯೊಳಗೆ ಬಿದ್ದ ಕೊಡವನ್ನು ಹುಡುಕುವವರ ಹಾಗೆ, ಒಳಗೆ ಇಣುಕಬೇಕು. ಯಾವಳೋ ನರ್ಸಮ್ಮ ಅದನ್ನು ಕಂಡು “ಬಾವಿಯಣ್ಣ ಏನೋ ಹುಡುಕ್ತಾರೆ” ಅಂದಳಂತೆ. ಅಂದಿನಿಂದ ವಾರ್ಡಿನವರಿಗೆ, ವೈದ್ಯರಿಗೆ, ಕಡೆಗೆ ಸಂಬಳದ ಚೀಟಿ ಬರೆಯುವವನಿಗೂ ಅವರು ಬಾವಿಯಣ್ಣ.

ನನಗೂ ಒಂದೆರಡು ಸಲ ಆ ಬಾವಿಯೊಳಗೆ ಇಣುಕುವ ಭಾಗ್ಯ ಸಿಕ್ಕಿತ್ತು. ಹೇಗೆ ಹೇಳಲಿ? ಕಿಟಕಿಯ ಪರದೆ, ಖಾಲಿ ಕುರ್ಚಿ, ಗೋಡೆಯ ಮೇಲಿನ ಗಡಿಯಾರ, ದಿನವೂ ನೋಡಿ ನೋಡಿ ಬೇಸತ್ತ ಅವೇ ವಸ್ತುಗಳು ಆ ಗಾಜಿನೊಳಗೆ ಹೋಗಿ ತಮ್ಮ ಭಾರವನ್ನೆಲ್ಲ ಕಳಚಿಟ್ಟು ತೇಲುತ್ತಿದ್ದವು. ಪರದೆ ಅಲುಗಿದರೆ ಇಡೀ ಕೋಣೆ ಉಸಿರಾಡಿದಂತೆ. ಆದರೆ ಒಂದು ವಿಚಿತ್ರವಿತ್ತು: ಅಲ್ಲಿ ಬಲಗಡೆಯದು ಬಲಗಡೆ ಕಾಣುವುದಿಲ್ಲ. ಕ್ಯಾಮೆರಾವನ್ನು ಕಿಟಕಿಯ ಕಡೆ ತಿರುಗಿಸಲು ಹೋದರೆ ಕಿಟಕಿ ಇನ್ನಷ್ಟು ದೂರ ಓಡುತ್ತಿತ್ತು. ಬೇಡವೆಂದು ಹಿಂದೆ ಸರಿದರೆ ಅದೇ ಹತ್ತಿರ ಬರುತ್ತಿತ್ತು.

ಮೂವತ್ತೊಂದು ವರ್ಷ ಈ ತಿರುಗಾಮುರುಗ ಲೋಕದಲ್ಲಿ ಬದುಕಿದವರ ಮೈಯೂ ಅದಕ್ಕೆ ಒಗ್ಗಿಹೋಗಿತ್ತು. ಓಣಿಯಂಥ ನಮ್ಮ ಮೊಗಸಾಲೆಯಲ್ಲಿ ಎದುರಿನಿಂದ ಯಾರಾದರೂ ಬಂದರೆ, ದಾರಿ ಬಿಡಲೆಂದು ಬಾವಿಯಣ್ಣ ಸರಿಯುತ್ತಿದ್ದದ್ದು ಸರಿಯಾಗಿ ಅವರು ಬರುತ್ತಿದ್ದ ಕಡೆಗೇ. ಇವರು ಅತ್ತ, ಅವರು ಅತ್ತ. ಇವರು ಇತ್ತ, ಅವರು ಇತ್ತ. ಔಷಧದ ಗಾಡಿ ತಳ್ಳುವ ಅಕ್ಕ ದೂರದಿಂದಲೇ ಕೂಗುತ್ತಿದ್ದಳು: “ಅಣ್ಣಾ, ದಮ್ಮಯ್ಯ, ಇದ್ದಲ್ಲೇ ಇರಿ. ನಾನೇ ದಾಟ್ಕೋತೀನಿ!” ಬಾವಿಯಣ್ಣ ತಮ್ಮ ಬೂದು ಬಣ್ಣದ ಕೋಟನ್ನು ಎದೆಗೆ ಅವುಚಿಕೊಂಡು ಗೋಡೆಗೆ ಅಂಟಿ ನಿಲ್ಲುತ್ತಿದ್ದರು. ಆ ಕೋಟಿನ ಕತೆಯೂ ಅಷ್ಟೇ. ಕ್ಯಾಮೆರಾದ ಪಟ್ಟಿ ಉಜ್ಜಿ ಉಜ್ಜಿ ಅದರ ಕತ್ತಿನ ಒಂದು ಪಕ್ಕ ಬೆಳ್ಳಿಯಂತೆ ಹೊಳೆಯುತ್ತಿತ್ತು. ಐದು ಗುಂಡಿಗಳಲ್ಲಿ ಐದೂ ಬೇರೆ ಬೇರೆ ಜಾತಿಯವು. ಬೇರೆಯವರ ಗುಂಡಿಗಳನ್ನು ಅಷ್ಟು ಅಭ್ಯಾಸ ಮಾಡಿದವರಿಗೆ ತಮ್ಮ ಗುಂಡಿಗಳ ಮೇಲೆ ಗಮನವಿರಲಿಲ್ಲ.

ಬಲಗೈಯ ಹೆಬ್ಬೆರಳಿನ ಉಗುರಿನ ಮೇಲೆ ಮಾತ್ರ ಸದಾ ಒಂದು ಹಸಿರು ಶಾಯಿಯ ಚುಕ್ಕೆ ಇರುತ್ತಿತ್ತು. ಅದಕ್ಕೆ ಕಾರಣವಾದ ಪ್ರಸಂಗ ಹೇಳಲೇಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಬಡಗಿಯ ಚಿತ್ರ ತೆಗೆದರು. ಗಾಜಿನಲ್ಲಿ ಕಂಡದ್ದನ್ನು ನೋಡಿಕೊಂಡು ಚೀಟಿಯಲ್ಲಿ “ಗಾಯ: ಎಡಗೆನ್ನೆ” ಎಂದು ಬರೆದರು. ಪ್ರಿಂಟ್ ಹಾಕುವಾಗ ನೋಡಿದರೆ ಗಾಯ ಬಲಗೆನ್ನೆಯಲ್ಲಿದೆ. ಬೇರೆ ಯಾರಾದರೂ ಆಗಿದ್ದರೆ ಚೀಟಿ ತಪ್ಪಿದೆ ಎಂದುಕೊಳ್ಳುತ್ತಿದ್ದರು. ಬಾವಿಯಣ್ಣ ತಮ್ಮ ಗಾಜನ್ನು ನಂಬಿದವರು. ನೆಗೆಟಿವ್ ಮಗುಚಿ ಹಾಕಿಬಿಟ್ಟಿದ್ದೇನೆ ಎಂದು ಭಾವಿಸಿ, ಅದನ್ನು ಶ್ರದ್ಧೆಯಿಂದ ತಿರುವಿ ಹಾಕಿ, ಗಾಯವನ್ನು ಎಡಗೆನ್ನೆಗೆ ಕಳಿಸಿಕೊಟ್ಟರು. ಮರುದಿನ ದೊಡ್ಡ ಡಾಕ್ಟರು ಒಂದು ಕೈಯಲ್ಲಿ ಚಿತ್ರ, ಎದುರಿಗೆ ಬಡಗಿಯನ್ನು ಕೂರಿಸಿಕೊಂಡು, ಒಮ್ಮೆ ಇದನ್ನೂ ಒಮ್ಮೆ ಅವನನ್ನೂ ನೋಡಿ ಕಂಗಾಲಾದರು.

“ಏನ್ರೀ, ಯಾವ ಲೋಕದಲ್ಲಿದ್ದೀರಿ ನೀವು?” ಎಂದು ಗುಡುಗಿದರು.

ಬಾವಿಯಣ್ಣ ಡಾಕ್ಟರ ಎರಡನೆಯ ಗುಂಡಿಗೆ ಉತ್ತರ ಕೊಟ್ಟರು: “ಗಾಜಿನೊಳಗೆ ಇದ್ದೆ ಸಾರ್. ಇನ್ಮೇಲೆ ಆಗಾಗ ಹೊರಗೆ ಬರ್ತೀನಿ.”

ಅಂದಿನಿಂದ ಹಸಿರು ಚುಕ್ಕೆ. ಗಾಜಿನಲ್ಲಿ ಚುಕ್ಕೆಯ ಕಡೆ ಕಂಡದ್ದು ಕೂತವರ ಬಲಗೆನ್ನೆ, ಚುಕ್ಕೆಯಿಲ್ಲದ ಕಡೆಯದು ಎಡಗೆನ್ನೆ. ಪ್ರತಿ ಸೋಮವಾರ ಬೆಳಿಗ್ಗೆ ಹೊಸದಾಗಿ ಹಚ್ಚಿಕೊಳ್ಳುತ್ತಿದ್ದರು.

ಅವರಿಗಿದ್ದ ಇನ್ನೊಂದು ಚಾಳಿ ಮಾತಿನದು. ಕುರ್ಚಿಯಲ್ಲಿ ಕುಳಿತವರಿಗೆ ನಗಿ ಎನ್ನುತ್ತಿರಲಿಲ್ಲ, ಅಲುಗಬೇಡಿ ಎನ್ನುತ್ತಿರಲಿಲ್ಲ. ಗಾಜಿನೊಳಗೆ ಮುಖವಿಟ್ಟು, ಬಹಳ ಹೊತ್ತಿನ ಮೌನದ ನಂತರ, ಬಾಗಿಲ ಬಳಿ ಸಪ್ಪಳ ಕೇಳಿದವರ ಹಾಗೆ, “ಬಂದ್ರಾ?” ಎಂದು ಕೇಳುತ್ತಿದ್ದರು. ಮತ್ತೆ ಮೌನ. ಆಮೇಲೆ ತಾವೇ, “ಹ್ಞಾಂ, ಬಂದ್ರಿ” ಎಂದು ಗುಂಡಿ ಒತ್ತುತ್ತಿದ್ದರು. ಅದರ ಅರ್ಥವೇನೆಂದು ಒಮ್ಮೆ ಕೇಳಿದೆ. “ಕ್ಯಾಮೆರಾ ಕಂಡ ಕೂಡ್ಲೇ ಮನುಷ್ಯ ಮುಖಾನ ಕುರ್ಚಿ ಮೇಲೆ ಬಿಟ್ಟು ಎಲ್ಲಿಗೋ ಎದ್ದು ಹೋಗ್ತಾನೆ. ನಮ್ಮಲ್ಲಿಗೆ ಬರೋರಂತೂ ಬಲು ದೂರ ಹೋಗ್ತಾರೆ. ವಾಪಸ್ ಬರೋ ತನಕ ಕಾಯ್ಬೇಕಲ್ಲ?” ಎಂದರು. ಹಲಗೆಯ ಗೋಡೆಯಾಚೆ ಕುಳಿತು ಹದಿನೆಂಟು ವರ್ಷ ನಾನು ಆ ಎರಡು ಮಾತುಗಳ ನಡುವಿನ ಮೌನವನ್ನು ಕೇಳಿದ್ದೇನೆ. ಕೆಲವರು ಬೇಗ ಬರುತ್ತಿದ್ದರು. ಕೆಲವರ ವಿಷಯದಲ್ಲಿ ಬಾವಿಯಣ್ಣ ಇಡೀ ಬೆಳಗು ಕಾದು, “ಇವತ್ತು ಬೇಡ, ಗುರುವಾರ ಬನ್ನಿ” ಎಂದು ಕಳಿಸಿಬಿಡುತ್ತಿದ್ದರು.

ತಾವು ತಲೆ ಬಗ್ಗಿಸಿ ನೋಡುವುದರಿಂದಲೇ ಜನ ಅಲ್ಲಿಗೆ ಬರುತ್ತಾರೆ ಎಂಬುದು ಬಾವಿಯಣ್ಣನ ದೃಢ ವಿಶ್ವಾಸವಾಗಿತ್ತು, ನಮ್ಮೆಲ್ಲರದೂ. ರಸ್ತೆಯಲ್ಲಿ, ಬಸ್ಸಿನಲ್ಲಿ, ಅಂಗಡಿಯ ಸಾಲಿನಲ್ಲಿ ಕಂಡಕಂಡವರ ಕಣ್ಣಿಗೆ ಚುಚ್ಚಿಸಿಕೊಂಡು ಬಂದವರಿಗೆ, ತಮ್ಮ ಮುಂದೆ ಒಂದು ನರೆತ ನೆತ್ತಿ ಬಾಗಿ ನಿಂತ ಆ ಕೋಣೆ ನೆರಳಿನಂತಿತ್ತು. ರೊಟ್ಟಿ ಸುಡುವ ಭಟ್ಟಿಯ ಬೆಂಕಿ ಉಕ್ಕಿ ಬಲಗೆನ್ನೆಯನ್ನೂ ಕಿವಿಯನ್ನೂ ಕಳೆದುಕೊಂಡು ಬಂದಿದ್ದ ಬೇಕರಿಯ ಅಕ್ಕ ಅದಕ್ಕೆ ಸಾಕ್ಷಿ. ಮೊದಲ ವರ್ಷ ಆಕೆ ಡಾಕ್ಟರ ಮುಂದೆ ಕೂಡ ತಾನಾಗಿ ಸೆರಗು ತೆಗೆಯುತ್ತಿರಲಿಲ್ಲ. ಬಾವಿಯಣ್ಣನ ಕೋಣೆಯಲ್ಲಿ ಮಾತ್ರ ಮೆಲ್ಲನೆ ತೆಗೆದು ಮಡಿಲಲ್ಲಿ ಮಡಚಿಟ್ಟುಕೊಂಡು ಕೂರುತ್ತಿದ್ದಳು. ನಾಲ್ಕು ವರ್ಷದಲ್ಲಿ ನಾಲ್ಕು ಶಸ್ತ್ರಚಿಕಿತ್ಸೆ ಮುಗಿದಿದ್ದವು, ಇನ್ನು ಮೂರು ಉಳಿದಿದ್ದವು. ತನ್ನ ಒಂದು ಚಿತ್ರವನ್ನೂ ಆಕೆ ನೋಡಿರಲಿಲ್ಲ. “ಎಲ್ಲ ಮುಗಿದ ಮೇಲೆ ಒಟ್ಟಿಗೆ ಕೊಡಿ” ಎಂದು ನನ್ನ ಕಪಾಟಿನಲ್ಲಿ ಲಕೋಟೆಗೆ ಅಂಟು ಹಾಕಿಸಿ ಇಡಿಸಿದ್ದಳು.

ಇಂಥ ಕೋಣೆಗೆ ಒಂದು ದಿನ ಕಾಗದ ಬಂತು. ಆ ಕ್ಯಾಮೆರಾ ತಯಾರಿಸುವ ಕಂಪನಿ ಪೆಟ್ಟಿಗೆ, ಲೆನ್ಸು, ಫಿಲ್ಮು ಕೂರಿಸುವ ಡಬ್ಬಿ ಎಲ್ಲವನ್ನೂ ಆ ವರ್ಷದ ಕೊನೆಗೆ ನಿಲ್ಲಿಸುತ್ತದೆ. ಬಿಡಿಭಾಗಗಳು ಮಾತ್ರ ಹತ್ತು ವರ್ಷ ಸಿಗುತ್ತವೆ. ಇಷ್ಟು ಕಾಲದ ವಿಶ್ವಾಸಕ್ಕೆ ಕೃತಜ್ಞತೆಗಳು. ಕಾಗದ ಬಂದ ಹೊತ್ತೂ ಅಂಥದ್ದೇ. ಬಾವಿಯಣ್ಣನ ಪೆಟ್ಟಿಗೆ ಆರು ತಿಂಗಳಿಂದ ಫಿಲ್ಮನ್ನು ಸರಿಯಾಗಿ ಸುತ್ತುತ್ತಿರಲಿಲ್ಲ. ಒಂದು ಚಿತ್ರದ ಅಂಚಿನ ಮೇಲೆ ಇನ್ನೊಂದು ಹತ್ತಿ ಕೂರುತ್ತಿತ್ತು. ಒಬ್ಬ ಮೀನುಗಾರನ ಭುಜದೊಳಗಿನಿಂದ ಯಾವಳೋ ಅಜ್ಜಿಯ ಕಿವಿ ಮೂಡುತ್ತಿತ್ತು. ಒಂದು ಮಗುವಿನ ಹಣೆಯಲ್ಲಿ ಇನ್ನಾರದೋ ಕಿಟಕಿ ತೆರೆದಿರುತ್ತಿತ್ತು. ಆ ಚಿತ್ರಗಳು ನನಗೇನೋ ಚೆಂದವಾಗಿಯೇ ಕಾಣುತ್ತಿದ್ದವು, ನಿದ್ದೆಯಲ್ಲಿ ಜನ ಒಬ್ಬರ ಮುಖ ಒಬ್ಬರು ಹಾಕಿಕೊಂಡು ಬರುವುದಿಲ್ಲವೇ, ಹಾಗೆ. ಆದರೆ ಡಾಕ್ಟರು ಅದನ್ನು ನೋಡಿ ಚಾಕು ಹಿಡಿಯಲಾಗುತ್ತದೆಯೆ?

ರಿಪೇರಿಯ ತಾತ ಪೆಟ್ಟಿಗೆ ಬಿಚ್ಚಿ, ಭೂತಗನ್ನಡಿ ಏರಿಸಿ, ತಲೆಯಾಡಿಸಿದ. “ಒಳಗಿನ ಚಕ್ರದ ಹಲ್ಲು ಸವೆದಿದೆ ಕಣಪ್ಪ. ನಂದೂ ಸವೆದಿತ್ತು, ಕಟ್ಟಿಸ್ಕೊಂಡೆ. ಇದಕ್ಕೆ ಕಟ್ಟೋಕಾಗಲ್ಲ. ಇನ್ನೊಂದು ನಾಲ್ಕು ತಿಂಗಳು ಎಳೆದೀತು, ಅಷ್ಟೇ.”

“ಬಿಡಿಭಾಗ ಸಿಗುತ್ತಂತಲ್ಲ ತಾತ?”

“ಇಷ್ಟು ಹಳೇದಕ್ಕಲ್ಲ. ಈಗಿನ ಪೆಟ್ಟಿಗೆಗೆ ಸಿಗುತ್ತೆ.”

ಆಸ್ಪತ್ರೆಯ ಖರೀದಿ ಅಧಿಕಾರಿ ಒಳ್ಳೆಯವನೇ, ಆದರೆ ಸಹಿಗೆ ಹೆದರುವವನು. “ಕಂಪನಿಯೇ ನಿಲ್ಲಿಸ್ತಿರೋ ಸಾಮಾನಿಗೆ ನಾನು ಸಹಿ ಹಾಕಿದ್ರೆ ನಾಳೆ ನನ್ನನ್ನೇ ನಿಲ್ಲಿಸ್ತಾರೆ ಅಣ್ಣ. ಹೊಸ ಡಿಜಿಟಲ್ಲು ಕೇಳಿ, ಇವತ್ತೇ ಬರೆದುಕೊಡ್ತೀನಿ” ಎಂದ. ಹಾಗಾಗಿ ಹಳೆಯ ದಾರಿ ಬೇಕೆಂದರೆ ಬಾವಿಯಣ್ಣ ತಮ್ಮದೇ ಗಂಟು ಬಿಚ್ಚಬೇಕಿತ್ತು. ಆ ಗಂಟಿಗೆ ಆಗಲೇ ಒಂದು ಹೆಸರಿತ್ತು. ಅವರ ಹೆಂಡತಿ ಶಾಲೆಯಲ್ಲಿ ರೇಖಾಗಣಿತ ಕಲಿಸುವ ಟೀಚರು. ಊಟದ ಮೇಜಿನ ಮೇಲೆ ತಟ್ಟೆಗಳ ನಡುವೆ ಉತ್ತರಪತ್ರಿಕೆ ತಿದ್ದಿ ತಿದ್ದಿ ಸಾಕಾಗಿ, ಮನೆಯ ಮೇಲೊಂದು ಪುಟ್ಟ ಕೋಣೆ ಕಟ್ಟಿಸಬೇಕೆಂದು ಚೌಕುಳಿ ಕಾಗದದ ಮೇಲೆ ನಕ್ಷೆ ಬರೆದು ಎಷ್ಟೋ ವರ್ಷವಾಗಿತ್ತು. ಪೂರ್ವಕ್ಕೊಂದು ಕಿಟಕಿ, ಕಿಟಕಿಗೊಂದು ಮೇಜು. ಕೂಡಿಟ್ಟದ್ದು ಅದಕ್ಕೆ.

ನಮ್ಮ ಪೇಟೆಯಲ್ಲಿ ಆ ಕ್ಯಾಮೆರಾದ ಕೊನೆಯ ಹೊಸ ಪೆಟ್ಟಿಗೆ ಉಳಿದಿದ್ದದ್ದು ಒಂದೇ ಅಂಗಡಿಯಲ್ಲಿ, ಮೂರು ಲೆನ್ಸುಗಳ ಸಮೇತ. ನನ್ನನ್ನೂ ಕರೆದುಕೊಂಡು ಹೋಗಿದ್ದರು. ಗಾಜಿನ ಕಪಾಟಿನಲ್ಲಿ, ಪುಟ್ಟ ದೀಪದ ಕೆಳಗೆ, ಮದುವೆಯಾಗದ ಹಿರಿಯಕ್ಕನಂತೆ ಗಂಭೀರವಾಗಿ ಕುಳಿತಿತ್ತು ಅದು. ಅಂಗಡಿಯವನು ಅದನ್ನು ಹೊರತೆಗೆದು, ಮುಚ್ಚಳ ಬಿಚ್ಚಿ, ಬಾವಿಯಣ್ಣನ ಕೈಗಿತ್ತ. ಅವರು ಒಳಗೆ ಇಣುಕಿದರು. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲುಗಳು, ಕೊಡೆಗಳು, ಒಂದು ನಾಯಿ, ಎಲ್ಲ ಆ ಗಾಜಿನಲ್ಲಿ ತಾವು ಬಂದ ದಿಕ್ಕಿಗೇ ಮರಳಿ ಹೋಗುತ್ತಿದ್ದವೇನೋ. ಅವರು ತಲೆ ಎತ್ತಲು ತುಂಬಾ ಹೊತ್ತು ಹಿಡಿಯಿತು.

“ನಾನು ವ್ಯಾಪಾರದವನು, ನನ್ನ ಬಾಯಲ್ಲಿ ಈ ಮಾತು ಬರಬಾರದು” ಎಂದ ಅಂಗಡಿಯವನು. “ಆದ್ರೂ ಹೇಳ್ತೀನಿ ಕೇಳಿ. ತಗೋಬೇಡಿ. ಇದು ಚಪ್ಪಲಿ ಹಾಕ್ಕೊಂಡು ಹೊಸ್ತಿಲ ಮೇಲೆ ನಿಂತಿರೋ ಸಾಮಾನು. ಫಿಲ್ಮು ಮಾಡೋರು ಬೇರೆ, ಅವರು ಯಾವಾಗ ಎದ್ದು ಹೊರಡ್ತಾರೋ ಯಾರಿಗೆ ಗೊತ್ತು? ಹೊಸ ಡಿಜಿಟಲ್ಲನ್ನ ಒಂದು ವಾರ ಇಟ್ಕೊಂಡು ನೋಡಿ. ಅದರಲ್ಲೂ ಪರದೆ ಮೇಲಕ್ಕೆ ಮಡಚ್ಕೊಳ್ಳುತ್ತೆ, ನೀವು ಹೀಗೇ ಬಗ್ಗಿ ನೋಡ್ಬಹುದು. ತಿಂಗಳ ಕೊನೆ ತನಕ ಈ ಮುದುಕೀನ ಯಾರಿಗೂ ಕೊಡಲ್ಲ, ಮಾತು ಕೊಡ್ತೀನಿ.”

ನ್ಯಾಯದ ಮಾತು. ಹೊಸದನ್ನು ಮನೆಗೆ ತಂದರು. ಮೊದಲ ಪ್ರಯೋಗ ಟೀಚರಮ್ಮನ ಮೇಲೆ. ಪರದೆ ಮಡಚಿ, ತಲೆ ಬಗ್ಗಿಸಿ, ಹೆಂಡತಿಯನ್ನು ಚೌಕಟ್ಟಿನ ನಡುವೆ ತರಲು ಬಾವಿಯಣ್ಣ ಒಂದು ಹೆಜ್ಜೆ ಸರಿದರು. ಹೆಂಡತಿ ಅರ್ಧ ಹೊರಗೆ ಹೋದರು. ಇನ್ನೊಂದು ಹೆಜ್ಜೆ ಸರಿದರು. ಹೂದಾನಿ ಒಂದೇ ಉಳಿಯಿತು. ಇಲ್ಲಿ ಬಲಗಡೆಯದು ಬಲಗಡೆಯೇ ಇತ್ತು, ಅದೇ ತೊಡಕು.

“ಏನ್ರೀ ಅದು, ಕುಣೀತಿದ್ದೀರಾ?” ಎಂದರು ಟೀಚರಮ್ಮ.

“ಇದರಲ್ಲಿ ನೀನು ಉಲ್ಟಾ ಕಾಣ್ತೀಯ.”

“ಇದರಲ್ಲಿ ನಾನು ನೆಟ್ಟಗೆ ಕಾಣ್ತೀನಿ. ಮೂವತ್ತು ವರ್ಷದಿಂದ ನನ್ನ ಉಲ್ಟಾನೇ ನೋಡಿದ್ದೀರ ಅಂತಾಯ್ತು. ಈಗ ಅರ್ಥ ಆಗ್ತಿದೆ, ಒಂದು ಮಾತೂ ಯಾಕೆ ನೆಟ್ಟಗೆ ನಾಟ್ತಿರ್ಲಿಲ್ಲ ಅಂತ!”

ನಗು ಮುಗಿದ ಮೇಲೆ ಆಕೆ, ಉತ್ತರಪತ್ರಿಕೆಯ ಮೇಲೆ ಕಣ್ಣಿಟ್ಟೇ, ಕೇಳಿದರಂತೆ: “ನಿಮಗೆ ಸರ್ವಿಸ್ ಇನ್ನು ಆರು ವರ್ಷ. ಅಂಗಡೀಲಿರೋ ಪೆಟ್ಟಿಗೆಗೆ ಬಿಡಿಭಾಗ ಹತ್ತು ವರ್ಷ. ಆ ಲೆಕ್ಕ ಸರಿಯಾಗಿದೆ, ನಾನು ಅಡ್ಡ ಬರಲ್ಲ. ಆದ್ರೆ ಒಂದು ಹೇಳಿ. ಆ ಪೆಟ್ಟಿಗೆ ಬೇಕಾಗಿರೋದು ಕುರ್ಚಿ ಮೇಲೆ ಕೂರೋರಿಗೋ, ನಿಮಗೋ?”

“ಅವರಿಗೇ” ಎಂದರು ಬಾವಿಯಣ್ಣ.

“ಅವರನ್ನ ಕೇಳಿದ್ದೀರಾ?”

ಕೇಳಿರಲಿಲ್ಲ. ಯಾರೂ ಕೇಳಿರಲಿಲ್ಲ.

ಮರುದಿನ ಬೇಕರಿಯ ಅಕ್ಕನ ಸರದಿ. ಐದನೆಯ ಶಸ್ತ್ರಚಿಕಿತ್ಸೆಗೆ ಮುಂಚಿನ ಚಿತ್ರ. ಅಂದು ನಡೆದದ್ದನ್ನು ನಾನು ಎರಡು ಕಡೆಯಿಂದ ಕೇಳಿದ್ದೇನೆ: ಬಾವಿಯಣ್ಣ ಹೇಳಿದ್ದು ಚುಟುಕಾಗಿ, ತಪ್ಪೊಪ್ಪಿಗೆಯ ಧಾಟಿಯಲ್ಲಿ, ಆಕೆ ಹೇಳಿದ್ದು ವಿಸ್ತಾರವಾಗಿ, ನನಗೆ ಬ್ರೆಡ್ಡು ಕೊಯ್ದುಕೊಡುತ್ತಾ, ನಡುನಡುವೆ ಚಾಕು ನಿಲ್ಲಿಸಿ ನಗುತ್ತಾ. ಎರಡನ್ನೂ ಹೊಂದಿಸಿ ಹೇಳುತ್ತೇನೆ.

ಆಕೆ ಎಂದಿನಂತೆ ಸೆರಗು ಮಡಚಿಟ್ಟು ಕುಳಿತಳು. ಬಾವಿಯಣ್ಣ ಹೊಸ ಕ್ಯಾಮೆರಾದ ಪರದೆ ಮಡಚಿ, ಎಂದಿನಂತೆ ಬಗ್ಗಿದರು. ಆ ಹೊಸ ಪರದೆಯಲ್ಲಿ ಅವರಿಗೆ ಒಬ್ಬ ಅಪರಿಚಿತೆ ಕಾಣಿಸಿದಳು. ಕಣ್ಣು ಅವೇ, ಹಣೆ ಅದೇ, ಆದರೆ ಹುಬ್ಬಿನ ಏರಿಳಿತ ಬೇರೆ, ತುಟಿಯ ವಾಲಿಕೆ ಬೇರೆ. ನಾಲ್ಕು ವರ್ಷ ತಾವು ಪರಿಚಯ ಮಾಡಿಕೊಂಡಿದ್ದ ಗಾಯ ನದಿ ದಾಟಿ ಆಚೆ ದಡಕ್ಕೆ ಹೋಗಿ ನಿಂತಿತ್ತು. ಬೇರೆ ಯಾರೋ ಬಂದು ಕೂತಿದ್ದಾರೆಯೇ ಎಂಬ ದಿಗಿಲಿನಲ್ಲಿ ಅವರು ಮಾಡಬಾರದೆಂದುಕೊಂಡಿದ್ದ ಒಂದೇ ಒಂದು ಕೆಲಸ ಮಾಡಿಬಿಟ್ಟರು. ತಲೆ ಎತ್ತಿ ಆಕೆಯ ಮುಖ ನೋಡಿದರು.

ಆಕೆಯೂ ನೋಡಿದಳು. ಇಬ್ಬರೂ ಅಲುಗಲಿಲ್ಲ. ಹಲಗೆಯ ಈಚೆ ನನಗೆ ಕೇಳಿಸಿದ್ದು ಮೌನ. ಆದರೆ ಅದು ನನಗೆ ಪರಿಚಯವಿದ್ದ ಮೌನವಾಗಿರಲಿಲ್ಲ. ಆಮೇಲೆ ಕೇಳಿಸಿದ್ದು ಆಕೆಯ ದನಿ.

“ಅಂತೂ ನೀವು ಬಂದ್ರಾ, ಅಣ್ಣ?”

ಬಾವಿಯಣ್ಣ ಕ್ಯಾಮೆರಾವನ್ನು ಎದೆಗೆ ಅವುಚಿಕೊಂಡರು.

“ನಾಲ್ಕು ವರ್ಷ ನಿಮ್ಮ ನೆತ್ತಿ ನೋಡಿ ನೋಡಿ ಎಷ್ಟು ಕೂದಲು ಉದುರಿದೆ ಅಂತ ಲೆಕ್ಕ ಇಟ್ಟಿದ್ದೀನಿ. ಮುಖ ಹೇಗಿದೆ ಅಂತ ಇವತ್ತೇ ಗೊತ್ತಾಗಿದ್ದು. ಏನು ಹಾಗೆ ಹೆದರಿದ್ರಿ? ಕೆಟ್ಟದಾಗಿದೆಯಾ?”

“ಇಲ್ಲಮ್ಮ. ಬೇರೆ ಥರ ಇದೆ.”

“ತೋರಿಸಿ.”

ಹೊಸ ಕ್ಯಾಮೆರಾದಲ್ಲಿ ಬೇಡವೆನ್ನಲು ನೆಪವೇ ಇಲ್ಲ. ಚಿತ್ರ ಅಲ್ಲೇ ಇರುತ್ತದೆ. ಒಂದು ಚಿತ್ರ ತೆಗೆದು, ಪರದೆಯನ್ನು ಆಕೆಯತ್ತ ಚಾಚಿ ಹಿಡಿದರು. ಆಕೆ ದೀರ್ಘವಾಗಿ ನೋಡಿದಳು. ನಂತರ ಹೇಳಿದ್ದು: “ಯಾರಿದು? ನನ್ನ ಗಾಯ ಈ ಕಡೆ ಅಲ್ವಲ್ಲ ಇರೋದು? ದಿನಾ ಕನ್ನಡೀಲಿ ನೋಡ್ತೀನಿ, ಆ ಕಡೆ ಇದೆ.”

ಆಗ ಬಾವಿಯಣ್ಣನಿಗೆ ಹೊಳೆಯಿತು. ತಮ್ಮ ಮಸಕು ಗಾಜು ಎಡಬಲ ಮಗುಚಿದ್ದೇನೋ ನಿಜ. ಆದರೆ ಕನ್ನಡಿ ಮಗುಚುವಂತೆಯೇ ಮಗುಚಿತ್ತು. ಜಗತ್ತಿನಲ್ಲಿ ಆ ಹೆಂಗಸಿನ ಮುಖವನ್ನು ಆ ಹೆಂಗಸೇ ಕಾಣುವಂತೆ ಕಂಡ ಇನ್ನೊಬ್ಬ ಮನುಷ್ಯನಿದ್ದರೆ ಅದು ತಾವೊಬ್ಬರೇ. ತಡವರಿಸಿಕೊಂಡು ಅದನ್ನು ಆಕೆಗೆ ವಿವರಿಸಿದರು. ಆಕೆ ಪರದೆಯನ್ನು ಇನ್ನೊಮ್ಮೆ ನೋಡಿದಳು.

“ಹಾಗಾದ್ರೆ ನಾವಿಬ್ರೂ ನಾಲ್ಕು ವರ್ಷದಿಂದ ಒಂದೇ ಕನ್ನಡೀಲಿ ಮುಖ ನೋಡ್ಕೋತಾ ಇದ್ವಿ ಅನ್ನಿ.”

“ಹೌದಮ್ಮ.”

“ಊರಿನವರೆಲ್ಲ ನೋಡೋದು ಮಾತ್ರ ಇದನ್ನ.”

“ಹೌದು.”

“ಹಾಗಾದ್ರೆ ನೀವೂ ಇದನ್ನೇ ನೋಡಿ. ಹೀಗೇ, ನೇರವಾಗಿ. ಇಷ್ಟೆಲ್ಲ ಹೊಲಿಸ್ಕೊಂಡಿದ್ದು ಯಾರೂ ನೋಡದೆ ಇರ್ಲಿ ಅಂತಾನಾ?” ಎಂದಳು. ಬಾವಿಯಣ್ಣ ನೋಡಿದರು. ಕೋಟಿನ ಗುಂಡಿಯನ್ನು ಹಾಕಿ ಬಿಚ್ಚುತ್ತಾ, ಹೊಸ ಶಾಲೆಗೆ ಸೇರಿದ ಮಗುವಿನ ಹಾಗೆ ನೋಡಿದರು ಎಂದು ಆಕೆ ನನಗೆ ಹೇಳಿದಳು.

ಅಲ್ಲಿಗೆ ಪೆಟ್ಟಿಗೆಯ ಪ್ರಶ್ನೆ ತೀರಿತು ಎಂದು ನಾನಂದುಕೊಂಡೆ. ತಲೆ ಬಗ್ಗಿಸುವುದು ಬೇಡವೆಂದು ಕೂತವರೇ ಹೇಳಿದ ಮೇಲೆ, ಹೊಸ್ತಿಲ ಮೇಲೆ ನಿಂತ ಸಾಮಾನಿಗೆ ಯಾರು ದುಡ್ಡು ಸುರಿಯುತ್ತಾರೆ? ಟೀಚರಮ್ಮನ ಕೋಣೆಯ ಕಿಟಕಿ ನನ್ನ ಕಣ್ಣಿಗೆ ಕಟ್ಟಿತು. ಆದರೆ ಬಾವಿಯಣ್ಣ ಎರಡು ದಿನ ಹಳೆಯ ಪೆಟ್ಟಿಗೆಯ ಮುಚ್ಚಳ ತೆರೆಯುತ್ತಾ ಮುಚ್ಚುತ್ತಾ ಕಳೆದರು. ಮೂರನೆಯ ದಿನ ಎದ್ದು ಬೇಕರಿಗೆ ಹೋದರು. ಮಧ್ಯಾಹ್ನದ ಹೊತ್ತು, ಬಿಸಿ ಬ್ರೆಡ್ಡಿನ ತಟ್ಟೆಗಳ ಹಬೆಯಲ್ಲಿ ಆಕೆಯ ಮುಖ ಮೂಡುತ್ತಾ ಮಸುಕಾಗುತ್ತಾ ಇತ್ತಂತೆ. ಗಿರಾಕಿಗಳು ಚದುರುವವರೆಗೆ ಕಾದು, ಕಷ್ಟಪಟ್ಟು ಆಕೆಯ ಕಣ್ಣಿಗೆ ಕಣ್ಣು ಕೊಟ್ಟು, ಒಂದೇ ಪ್ರಶ್ನೆ ಕೇಳಿದರು.

“ಮೊದಲನೇ ದಿನಾನೇ ನಾನು ಹೀಗೆ ನೋಡಿದ್ರೆ?”

ಆಕೆ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. “ಎದ್ದು ಹೋಗ್ತಿದ್ದೆ” ಎಂದಳು. “ಮತ್ತೆ ಆ ಆಸ್ಪತ್ರೆ ಮೆಟ್ಟಿಲು ಹತ್ತುತ್ತಿರ್ಲಿಲ್ಲ.”

“ಯಾವಾಗಿಂದ ನೋಡ್ಬಹುದಿತ್ತು?”

“ಅದನ್ನೂ ನಾನೇ ಹೇಳ್ಬೇಕಾ? ಮೂರನೇ ಸಲ ಬಂದಾಗ ಹೊಸ ಸೀರೆ ಉಟ್ಕೊಂಡು ಬಂದಿದ್ದೆ. ನೀವು ಬಾವೀಲೇ ಇದ್ರಿ.”

ಆ ಸಂಜೆ ಮನೆಯಲ್ಲಿ ಬಾವಿಯಣ್ಣ ಹೆಂಡತಿಗೆ ಕೊಟ್ಟ ಉತ್ತರವನ್ನು ಟೀಚರಮ್ಮನೇ ನನಗೆ ಹೇಳಿದ್ದಾರೆ. “ಇಷ್ಟು ವರ್ಷ ಅದು ಬೇಕಾಗಿದ್ದು ನನಗೇ” ಎಂದು ಮೊದಲು ಒಪ್ಪಿಕೊಂಡರಂತೆ. “ಅವರನ್ನ ಕಾಯ್ತೀನಿ ಅಂತ ಹೇಳ್ಕೊಂಡು ನಾನೇ ಅವಿತ್ಕೊಂಡಿದ್ದೆ. ಆದ್ರೆ ಇನ್ನು ಬರೋರಿದ್ದಾರಲ್ಲ, ಮೊದಲನೇ ದಿನದವರು, ಅವರಿಗೆ ಬೇಕು. ಹೊಸದರಲ್ಲಿ ತಲೆ ಬಗ್ಗಿಸಬಹುದು ನಿಜ. ಆದ್ರೆ ಅದರಲ್ಲಿ ನನಗೆ ಕಾಣೋದು ಊರಿನವರಿಗೆ ಕಾಣೋ ಮುಖ. ಮೊದಲನೇ ದಿನ ಅವರ ಹತ್ರ ಇರೋದು ಕನ್ನಡಿ ಮುಖ ಒಂದೇ. ಅಲ್ಲಿಂದ ಅವರನ್ನ ಕರ್ಕೊಂಡು ಬರ್ಬೇಕು ಅಂದ್ರೆ ನಾನೂ ಅಲ್ಲಿಗೇ ಹೋಗ್ಬೇಕು.”

ಟೀಚರಮ್ಮ ಆ ತರ್ಕವನ್ನು, ಪ್ರಮೇಯ ತಿದ್ದುವವರಂತೆ, ಸಾಲು ಸಾಲಾಗಿ ಒರೆಗೆ ಹಚ್ಚಿದರು. ಎಲ್ಲೂ ಕೆಂಪು ಗೆರೆ ಎಳೆಯಲು ಜಾಗ ಸಿಗಲಿಲ್ಲ. ಕಡೆಗೆ ಚೌಕುಳಿ ಕಾಗದದ ನಕ್ಷೆಯನ್ನು ಮಡಚಿ ಪುಸ್ತಕದೊಳಗಿಟ್ಟು, “ತಗೊಳ್ಳಿ. ಇಟ್ಟಿಗೆ ಮಾಡೋದನ್ನ ಯಾವ ಕಂಪನೀನೂ ನಿಲ್ಲಿಸಲ್ಲ” ಎಂದರು. ಹೇಳಿದ್ದು ತಮಾಷೆಯಾಗಿಯೇ. ಆದರೆ ಅದಾಗಿ ಎಷ್ಟೋ ದಿನ ಅವರು ಊಟದ ಮೇಜಿನಿಂದ ತಟ್ಟೆ ಸರಿಸುವಾಗ ಸ್ವಲ್ಪ ಹೆಚ್ಚೇ ಸದ್ದಾಗುತ್ತಿತ್ತು ಎಂದು ಬಾವಿಯಣ್ಣ ನನ್ನೊಡನೆ ಹೇಳಿಕೊಂಡದ್ದುಂಟು.

ತಿಂಗಳ ಕೊನೆಯ ದಿನ ಅಂಗಡಿಯವನು ಪೆಟ್ಟಿಗೆಯನ್ನು ಕಾಗದದಲ್ಲಿ ಸುತ್ತುತ್ತಾ, “ನಾನು ಬೇಡ ಅಂದಿದ್ದು ನೆನಪಿರ್ಲಿ. ಆಮೇಲೆ ನನ್ನ ಬೈಬಾರದು” ಎಂದ. “ಬೈಯೋದಾದ್ರೆ ಮುಖ ನೋಡಿ ಬೈತೀನಿ” ಎಂದರು ಬಾವಿಯಣ್ಣ. ಅಂಗಡಿಯವನಿಗೆ ಅದು ಅರ್ಥವಾಗಲಿಲ್ಲ.

ಆಮೇಲಿನ ಆರು ವರ್ಷ ಆ ಕೋಣೆಯಲ್ಲಿ ಒಂದು ಕಟ್ಟಳೆ ನಡೆಯಿತು. ಹೊಸದಾಗಿ ಬಂದವರಿಗೆ ಬಾವಿಯಣ್ಣ ತಲೆ ಎತ್ತುತ್ತಿರಲಿಲ್ಲ. ಮೊದಲ ಸಲ, ಎರಡನೆಯ ಸಲ ಅವರಿಗಾಗಿ ಗಾಜಿನೊಳಕ್ಕೆ ಇಳಿದು ಕಾಯುತ್ತಿದ್ದರು. ಮೂರನೆಯ ಸಲ, ಗುಂಡಿ ಒತ್ತಿ, ಪೆಟ್ಟಿಗೆಯ ಮುಚ್ಚಳ ಇಳಿಸಿ, ಮೆಲ್ಲನೆ ಮೇಲೆ ನೋಡುತ್ತಿದ್ದರು. ಒಮ್ಮೆ ತೀರ ಮುಂಚೆಯೇ ನೋಡಿ ಒಬ್ಬ ಯುವಕ ಎದ್ದು ಹೋದ, ಮತ್ತೆ ಬರಲಿಲ್ಲ. ಅದನ್ನು ನೆನೆದು ಬಹುಕಾಲ ಕೊರಗಿದರು. ಇನ್ನು ಕೆಲವರು ಏಳನೆಯ ಸಲಕ್ಕೂ ಸಿದ್ಧರಿರಲಿಲ್ಲ. ಅವರಿಗಾಗಿ ಏಳನೆಯ ಸಲವೂ ಬಗ್ಗಿಯೇ ನಿಂತರು. ಯಾರಿಗೆ ಯಾವ ದಿನ ಎಂಬುದಕ್ಕೆ ಚೀಟಿಯಿರಲಿಲ್ಲ. ಬೇಕರಿಯ ಅಕ್ಕ ತನ್ನ ಕೊನೆಯ ಚಿತ್ರಕ್ಕೆ ಬಂದಾಗ ಲಕೋಟೆಯನ್ನು ಕೇಳಿ ಪಡೆದಳು. ಕಿಟಕಿಯ ಬಳಿ ನಿಂತು ಒಂದೊಂದಾಗಿ ನೋಡಿ, ಆಸ್ಪತ್ರೆಯ ಮುಂದಿನ ಬೀದಿಗೆ ಸೆರಗು ಹೆಗಲ ಮೇಲೆ ಬಿಟ್ಟುಕೊಂಡೇ ಇಳಿದು ಹೋದಳು. ಬಾವಿಯಣ್ಣ ನಿವೃತ್ತರಾದ ಮೇಲೆ ಬಂದ ಹುಡುಗಿ ತನ್ನ ಡಿಜಿಟಲ್ಲಿನಲ್ಲಿ ಚೆನ್ನಾಗಿಯೇ ತೆಗೆಯುತ್ತಾಳೆ. ಕಾಯುವುದನ್ನು ಕಲಿತುಕೊಂಡಿದ್ದಾಳೆ, ತನ್ನದೇ ಬಗೆಯಲ್ಲಿ.

ನಿಂತುಹೋಗಲಿರುವುದಕ್ಕೆ ಗಂಟು ಬಿಚ್ಚುವವರನ್ನು ಲೋಕ ಹಳಹಳಿಕೆಯವರೆಂದು ಕರೆದು ಮರುಕ ಪಡುತ್ತದೆ. ಅವರಲ್ಲಿ ಹೆಚ್ಚಿನವರು ಹಾಗೆ ಇರಲೂಬಹುದು. ಬಾವಿಯಣ್ಣ ಕೂಡ ಬಹುಕಾಲ ಹಾಗೆಯೇ ಇದ್ದರು. ಆದರೆ ಆ ಗುಂಪಿನೊಳಗೆ, ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ತಿಳಿಯದಂತೆ, ಇನ್ನೊಂದು ಬಗೆಯ ಕೆಲವರು ಬೆರೆತಿರುತ್ತಾರೆ. ಒಂದು ವಸ್ತು ಎಷ್ಟು ದಿನ ಬಾಳುತ್ತದೆ ಎಂದು ನಾವು ಕೇಳುವ ಹೊತ್ತಿಗೆ ಅವರು, ಅಷ್ಟು ದಿನದಲ್ಲಿ ಯಾರು ಯಾರು ಬರಬೇಕಾಗಿದೆ ಎಂದು ಕೇಳಿಕೊಂಡಿರುತ್ತಾರೆ. ಬರುವವರ ಪಟ್ಟಿ ಅವರ ಬಳಿ ಇರುವುದಿಲ್ಲ. ಬಂದೇ ಬರುತ್ತಾರೆಂಬ ಭರವಸೆಯೂ ಇರುವುದಿಲ್ಲ. ಆದರೂ ಕುರ್ಚಿಯ ಧೂಳು ಒರೆಸಿ, ಪರದೆ ಅರ್ಧ ಎಳೆದು, ಬೆಳಕು ಯಾರ ಮುಖಕ್ಕೂ ಚುಚ್ಚದ ಕಡೆ ನಿಲ್ಲುತ್ತಾರೆ.